ಕೈಗೆ ಗೊತ್ತಿದ್ದ ದಾರಿ

ಶಿಲ್ಪಶ್ರೀಯ ಕಂಪ್ಯೂಟರ್ ರಿಪೇರಿ ಅಂಗಡಿಯ ಎದುರು ಬಸ್ ನಿಲ್ಲುವುದಿಲ್ಲ. ಸಾಗರದ ಆ ಬೀದಿಯಲ್ಲಿ ನಿಲ್ದಾಣಕ್ಕೆ ಇನ್ನೂ ಒಂದು ಫರ್ಲಾಂಗು ಹೋಗಬೇಕು. ಹಾಗಿದ್ದರೂ ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಇಕ್ಕೇರಿಯ ಕಡೆಯಿಂದ ಬಂದ ಖಾಸಗಿ ಬಸ್ಸೊಂದು ನೇರವಾಗಿ ಅವಳ ಬಾಗಿಲಿಗೇ ಬಂದು ನಿಂತಿತು. ಹಿಂದಿನ ಕಾರುಗಳು ಹಾರನ್ ಹೊಡೆದವು. ಡ್ರೈವರ್ ಅದಕ್ಕೆ ಸೊಪ್ಪು ಹಾಕಲಿಲ್ಲ. ಕಂಡಕ್ಟರ್ ಮೊದಲು ಇಳಿದು, ಜಮಖಾನದಲ್ಲಿ ಸುತ್ತಿದ್ದ ಒಂದು ಡಬ್ಬವನ್ನು ಎಳೆಯ ಮಗುವನ್ನು ಇಳಿಸುವಂತೆ ಇಳಿಸಿದ. ಅವನ ಹಿಂದೆ ಖಾಕಿ ಬಣ್ಣದ ಅಂಗಿ ತೊಟ್ಟ, ಅರವತ್ತು ದಾಟಿದ ಒಬ್ಬರು ಇಳಿದರು. ಅವರ ಎಡಗಣ್ಣಿನ ಮೇಲೆ ಮಸುಕಾದ ಪೊರೆಯಿತ್ತು.

"ಜಟ್ಟಪ್ಪಣ್ಣ, ನಿಧಾನ. ಮೆಟ್ಲು ಎತ್ತರ ಇದೆ."

"ಈ ಮೆಟ್ಲು ನಂಗೆ ಹೇಳ್ಕೊಡ್ತೀಯನಾ? ನೀ ಹುಟ್ಟೋಕಿಂತ ಮೊದ್ಲಿಂದ ಇಳೀತಾ ಇದೀನಿ. ಹೋಗು ಹೋಗು, ಎರಡು ನಿಮಿಷ ಲೇಟು."

ಡಬ್ಬದೊಳಗೆ ಇದ್ದುದು ಆಟದ ಕಂಪ್ಯೂಟರು. ಒಂದು ಪಕ್ಕಕ್ಕೆ ಗಾಜು, ಒಳಗೆ ಬಣ್ಣದ ದೀಪ, ಮೂರು ಫ್ಯಾನು. ಪೇಟೆಯಲ್ಲಿ ಒಂದು ಗೇಮಿಂಗ್ ಸೆಂಟರ್ ಮುಚ್ಚಿದಾಗ ಇಂಥವನ್ನೆಲ್ಲ ಸಿಕ್ಕಿದ ಬೆಲೆಗೆ ಮಾರಿದ್ದರು. ಶಿಲ್ಪಶ್ರೀ ಅದನ್ನು ಗುರುತಿಸಿದಳು.

"ಯಾರದ್ದಣ್ಣ ಇದು? ಮೊಮ್ಮಗಂದಾ?"

"ನಂದೇ. ಘಟ್ಟ ಹತ್ತುವಾಗ ಉಸಿರು ಕಟ್ತದೆ. ಒಂಚೂರು ನೋಡು ತಂಗಿ."

ಅವಳಿಗೆ ನಗು ಬಂತು, ಅರ್ಥವಾಗಲಿಲ್ಲ. ವಿದ್ಯುತ್ ಕೊಟ್ಟು ಶುರು ಮಾಡಿದಳು. ಜಟ್ಟಪ್ಪ ಪರದೆಯ ಕಡೆಗೆ ನೋಡಲೇ ಇಲ್ಲ. ತಲೆ ಬಾಗಿಸಿ, ಕಿವಿಯನ್ನು ಡಬ್ಬದ ಹತ್ತಿರ ತಂದು, ಅರ್ಧ ನಿಮಿಷ ಸುಮ್ಮನೆ ಕೇಳಿದರು.

"ಮೂರ್ರಲ್ಲಿ ನಡುವಿಂದು ಬೇರಿಂಗ್ ಹೋಗಿದೆ. ಆದ್ರೆ ಕಾಯಿಲೆ ಅದಲ್ಲ. ಎಂಜಿನ್ನೇ ಮುದಿಯಾಗಿದೆ."

ಶಿಲ್ಪಶ್ರೀ ಗಾಜು ಬಿಚ್ಚಿ ನಡುವಿನ ಫ್ಯಾನನ್ನು ಬೆರಳಿನಿಂದ ಅಲ್ಲಾಡಿಸಿದಳು. ಅದು ಲೊಡಲೊಡ ಎಂದಿತು. ಆಮೇಲೆ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ಅಳೆದು ತೋರಿಸುವ ತಂತ್ರಾಂಶವನ್ನು ಓಡಿಸಿದಳು. ಗ್ರಾಫಿಕ್ಸ್ ಕಾರ್ಡಿಗೆ ಇನ್ನೂ ಶಕ್ತಿಯಿತ್ತು. ಪ್ರೊಸೆಸರ್ ಮಾತ್ರ ಪೂರ್ತಿ ದುಡಿದರೂ ಕೆಲಸ ಮುಗಿಸಲಾರದೆ ಏದುಸಿರು ಬಿಡುತ್ತಿತ್ತು. ಡಿಪ್ಲೊಮಾ ಮುಗಿಸಿ ಐದು ವರ್ಷ ಇದೇ ಕೆಲಸ ಮಾಡಿದ್ದ ಅವಳು ಹತ್ತು ನಿಮಿಷ ಪರೀಕ್ಷಿಸಿ ತಿಳಿದುದನ್ನು ಈ ಮನುಷ್ಯ ಕಿವಿಯಿಂದ ಹೇಳಿದ್ದರು.

ಜಟ್ಟಪ್ಪ ಇಪ್ಪತ್ತೊಂಬತ್ತು ವರ್ಷ ಸಾಗರದಿಂದ ಹೊಸನಗರಕ್ಕೆ, ಅಲ್ಲಿಂದ ತೀರ್ಥಹಳ್ಳಿಗೆ ಓಡುವ ಒಂದೇ ಲೈನಿನ ಬಸ್ಸು ಓಡಿಸಿದವರು. ಮೂರು ವರ್ಷದ ಹಿಂದೆ ಗ್ಯಾರೇಜಿನಲ್ಲಿ ಯಾರೋ ಸುತ್ತಿಗೆಯಿಂದ ಪಿನ್ನು ಬಡಿಯುವಾಗ ಕಬ್ಬಿಣದ ಚೂರು ಹಾರಿ ಎಡಗಣ್ಣಿಗೆ ಬಿತ್ತು. ಒಕ್ಕಣ್ಣಿನವರಿಗೆ ಬಸ್ಸು ಓಡಿಸಲು ವೈದ್ಯರು ಸಹಿ ಹಾಕುವುದಿಲ್ಲ. ಅಂದಿನಿಂದ ಅವರು ಬೇರೆ ಬಸ್ಸುಗಳನ್ನು ಹತ್ತಿದರು. ತಮ್ಮ ಲೈನಿನ ಬಸ್ಸನ್ನು ಮಾತ್ರ ಹತ್ತಲಿಲ್ಲ. ಇನ್ನೊಬ್ಬರು ಕೂತ ಸೀಟನ್ನು ನೋಡಲಾರರು ಎಂದು ಜನ ಹೇಳುತ್ತಿದ್ದರು.

ಕಂಪ್ಯೂಟರಿನ ಒಂದು ಆಟ ಅವರ ಕೈಗೆ ಸಿಕ್ಕಿದ್ದು ಆಗಲೇ. ಪರದೆಯ ಮೇಲೆ ಬಸ್ಸು ಓಡಿಸುವ ಆಟ. ಯಾರು ಬೇಕಾದರೂ ತಮ್ಮ ಊರಿನ ರಸ್ತೆಯನ್ನು ತಯಾರಿಸಿ ಅದರೊಳಗೆ ಸೇರಿಸಬಹುದು. ತೀರ್ಥಹಳ್ಳಿಯ ಸುನಿಲ್ ಎಂಬ ಖಾಸಗಿ ಸರ್ವೆಯರ್ ಹಗಲು ತೋಟ, ಗದ್ದೆ ಅಳೆಯುವುದು, ಸಂಜೆ ಸಾಗರ-ಹೊಸನಗರ-ತೀರ್ಥಹಳ್ಳಿಯ ರಸ್ತೆಯನ್ನು ಇದ್ದಷ್ಟೇ ಉದ್ದಕ್ಕೆ ಆಟದೊಳಗೆ ಕಟ್ಟುವುದು, ಹೀಗೆ ಎರಡು ವರ್ಷ ಕಳೆದಿದ್ದ. ಅವನಿಗೆ ಇದ್ದ ತೊಂದರೆ ಒಂದೇ. ಆಕಾಶದಿಂದ ತೆಗೆದ ಚಿತ್ರದಲ್ಲಿ ಬಯಲಿನ ರಸ್ತೆ ಕಾಣುತ್ತದೆ, ಕಾಡಿನ ಕೆಳಗಿನ ರಸ್ತೆ ಕಾಣುವುದಿಲ್ಲ. ಕಾಡು ಬಂದಲ್ಲೆಲ್ಲ ಅವನು ಅಂದಾಜಿನಿಂದ ತಿರುವು ಹಾಕಿದ್ದ. ಆದ್ದರಿಂದ ಜಟ್ಟಪ್ಪನವರನ್ನು ಹುಡುಕಿಕೊಂಡು ಬಂದು, "ಅಣ್ಣಾ, ನೀವೊಂದು ಸಲ ಓಡಿಸಿ ತಪ್ಪು ಹೇಳಿ. ವಿಜಯದಶಮಿಗೆ ಎಲ್ಲರಿಗೂ ಬಿಡುಗಡೆ ಅಂತ ಹೇಳ್ಬಿಟ್ಟಿದೀನಿ" ಎಂದಿದ್ದ.

ಹೊಸನಗರದವರೆಗೆ ಜಟ್ಟಪ್ಪ ಓಡಿಸಿ ಮುಗಿಸಿದ್ದರು. ಅಲ್ಲಿಂದ ಮುಂದೆ ಮರಗಳು ದಟ್ಟವಾದಂತೆ ಚಿತ್ರ ಕುಂಟತೊಡಗಿತು. ನಿಂತು, ಹಾರಿ, ಮತ್ತೆ ನಿಲ್ಲುತ್ತಿತ್ತು.

"ಸುನಿಲಂದೇ ಕಂಪ್ಯೂಟರಲ್ಲಿ ನೋಡಬಹುದಲ್ಲಣ್ಣ?" ಎಂದು ಶಿಲ್ಪಶ್ರೀ ಕೇಳಿದಳು.

"ಅವಂದು ಲ್ಯಾಪ್‌ಟಾಪು. ಗುಂಡಿ ಒತ್ತಿ ಬಸ್ ತಿರುಗ್ಸೋದು. ನಂಗೆ ಎಷ್ಟು ತಿರುವು, ಎಲ್ಲೆಲ್ಲಿ ಅಂತ ಕೇಳಿದ್ರೆ ಬಾಯಲ್ಲಿ ಬರೋದಿಲ್ಲ ಮಗಾ. ಕೈಗೆ ಗೊತ್ತಿದೆ. ಕೈ ತಿರುಗ್ಬೇಕು, ರೋಡು ನಿಲ್ಲದೆ ಬರ್ತಾ ಇರ್ಬೇಕು. ನಡುವೆ ನಿಂತ್ರೆ ಕೈಗೆ ಮರ್ತುಹೋಗ್ತದೆ."

ಅದು ನಿಜವೇ ಎಂದು ಅವಳು ಕಣ್ಣಾರೆ ಕಂಡದ್ದು ಮುಂದಿನ ವಾರ, ಇಕ್ಕೇರಿಯ ಅವರ ಮನೆಯಲ್ಲಿ. ಜಗುಲಿಯ ಪಕ್ಕದ ಕೋಣೆಯಲ್ಲಿ ಗುಜರಿಯಿಂದ ತಂದ ಡ್ರೈವರ್ ಸೀಟನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು. ಮುಂದೆ ಮೇಜು, ಮೇಜಿಗೆ ಸ್ಟೀರಿಂಗ್, ಕೆಳಗೆ ಮೂರು ಪೆಡಲು. ಹೆಂಡತಿ ಹುಲಿಯಮ್ಮ ಮಜ್ಜಿಗೆ ತಂದಿಟ್ಟು, "ಇವರನ್ನ ಮಾತಾಡಿಸ್ಬೇಡ, ಡ್ರೈವರ್ ಜೊತೆ ಮಾತಾಡಬಾರದಂತೆ. ಊಟಕ್ಕೆ ಕರೆದ್ರೂ ಬಟ್ಟೆಮಲ್ಲಪ್ಪ ಸ್ಟಾಪ್ ಬರ್ಲಿ ಅಂತಾರೆ" ಎಂದರು.

ಜಟ್ಟಪ್ಪ ಸಾಗರದಿಂದ ಹೊರಟರು. ಶಿಲ್ಪಶ್ರೀ ಪರದೆಯನ್ನು ನೋಡುತ್ತಿದ್ದವಳು ಸ್ವಲ್ಪ ಹೊತ್ತಿನಲ್ಲಿ ಅವರ ಕೈಗಳನ್ನೇ ನೋಡತೊಡಗಿದಳು. ತಿರುವು ಪರದೆಯಲ್ಲಿ ಕಾಣುವ ಮೊದಲೇ ಅಂಗೈ ಸ್ಟೀರಿಂಗಿನ ಮೇಲೆ ಜಾರಿ ಸಿದ್ಧವಾಗುತ್ತಿತ್ತು. ಏರು ಬರುವ ಮೊದಲೇ ಕಾಲು ಕ್ಲಚ್ಚಿಗೆ ಹೋಗುತ್ತಿತ್ತು. ಒಂದು ಕಡೆ ಏನೂ ಇಲ್ಲದ ನೇರ ರಸ್ತೆಯಲ್ಲಿ ಅವರು ವೇಗ ತಗ್ಗಿಸಿದರು. ಯಾಕೆ ಎಂದು ಆಮೇಲೆ ಕೇಳಿದ್ದಕ್ಕೆ ಅವರು ನಾಚಿಕೊಂಡು, "ಅಲ್ಲಿ ಒಂದು ಅಜ್ಜಿ ದಿನಾ ರೋಡ್ ದಾಟ್ತಿತ್ತು. ತೀರಿಹೋಗಿ ಹತ್ತು ವರ್ಷ ಆಯ್ತು" ಎಂದರು.

ಶಿಲ್ಪಶ್ರೀ ಅಂದು ಮನೆಗೆ ಹೋಗುವಾಗ ಸ್ಕೂಟಿಯನ್ನು ಬಹಳ ನಿಧಾನವಾಗಿ ಓಡಿಸಿದಳು.

ಅವಳು ಮೊದಲು ಮಾಡಿದ್ದು ಖರ್ಚಿಲ್ಲದ ಉಪಾಯ. ಪ್ರೊಸೆಸರಿನ ವೇಗವನ್ನು ತಯಾರಕರು ಇಟ್ಟದ್ದಕ್ಕಿಂತ ಹೆಚ್ಚಿಸಬಹುದು. ಇದಕ್ಕೆ ಓವರ್‌ಕ್ಲಾಕ್ ಮಾಡುವುದು ಎನ್ನುತ್ತಾರೆ. ಅವಳು ಅದನ್ನು ವಿವರಿಸುವ ಮೊದಲೇ ಜಟ್ಟಪ್ಪನವರಿಗೆ ತಿಳಿಯಿತು.

"ಡೀಸೆಲ್ ಪಂಪು ತಿರುಗ್ಸಿ ಪಿಕಪ್ಪು ಜಾಸ್ತಿ ಮಾಡಿದ ಹಾಗೆ ಅಲ್ದಾ? ಗಾಡಿ ಘಟ್ಟ ಹತ್ತುತ್ತದೆ. ಆದ್ರೆ ಬಾಳೋದಿಲ್ಲ."

"ಸ್ವಲ್ಪ ಮಾತ್ರ ಏರಿಸ್ತೀನಣ್ಣ."

"ಸ್ವಲ್ಪ ಅಂತಾನೇ ಎಲ್ಲರೂ ಶುರು ಮಾಡೋದು."

ಎರಡು ದಿನ ಹೊಸನಗರದವರೆಗೆ ಚೆನ್ನಾಗಿಯೇ ಓಡಿತು. ಮೂರನೆಯ ದಿನ ಹೊಸನಗರ ದಾಟುತ್ತಿದ್ದಂತೆ ಕೋಣೆಯಲ್ಲಿ ಕಾದ ಇಸ್ತ್ರಿಪೆಟ್ಟಿಗೆಯ ವಾಸನೆ ಬಂದು ಪರದೆ ಕಪ್ಪಾಯಿತು. ಶಿಲ್ಪಶ್ರೀ ಸೋತ ಮುಖದಿಂದ ಎಲ್ಲವನ್ನೂ ಮೊದಲಿನ ವೇಗಕ್ಕೆ ಇಳಿಸಿದಳು. ಜಟ್ಟಪ್ಪ ಎದ್ದು ಕಿಟಕಿ ತೆರೆದರು.

ಉಳಿದುದು ಪ್ರೊಸೆಸರನ್ನೇ ಬದಲಿಸುವ ದಾರಿ. ಆ ಹಳೆಯ ಮದರ್‌ಬೋರ್ಡು ಒಪ್ಪಿಕೊಳ್ಳುವ ಜಾತಿಯಲ್ಲಿ ಕೊನೆಯದನ್ನು, ಯಾರೋ ಬಳಸಿ ಬಿಟ್ಟದ್ದನ್ನು, ಅವಳು ಹುಡುಕಿ ಹುಡುಕಿ ತರಿಸುವಷ್ಟರಲ್ಲಿ ನವರಾತ್ರಿ ಬಂತು. ಹೊಸದನ್ನು ಬೋರ್ಡು ಗುರುತಿಸುವಂತೆ ಒಳಗಿನ ತಂತ್ರಾಂಶವನ್ನು ಹಳೆಯದು ಕೂತಿರುವಾಗಲೇ ಬದಲಿಸಿಟ್ಟಳು. ಆಯುಧಪೂಜೆಯ ಹಿಂದಿನ ದಿನ ಪ್ರೊಸೆಸರು ಬಂತು. ಎರಡು ಹೆಬ್ಬೆರಳಗಲದ ಒಂದು ಚೌಕ, ಕೆಳಗೆ ಸಾವಿರಕ್ಕೂ ಮೇಲೆ ಕೂದಲಿನಂಥ ಚಿನ್ನದ ಬಣ್ಣದ ಕಡ್ಡಿಗಳು.

"ಇವತ್ತೇ ಕೂರಿಸೋಣ್ವಾ?" ಎಂದಳು.

"ಹೊಸ ಎಂಜಿನ್ನು ಪೂಜೆ ಇಲ್ದೆ ಕೂರಿಸಬಾರದು. ನಾಳೆ ಬೆಳಿಗ್ಗೆ ಪೂಜೆ ಆಗ್ತದೆ, ನೀ ಹನ್ನೊಂದಕ್ಕೆ ಬಾ. ಸಂಜೆ ಒಳಗೆ ತೀರ್ಥಹಳ್ಳಿ ಮುಟ್ಟಿಸ್ತೀನಿ. ನಾಡಿದ್ದು ಸುನಿಲ ಬಿಡುಗಡೆ ಮಾಡ್ಲಿ."

"ತಡ ಆದ್ರೆ ಅವನು ಆಮೇಲೆ ಸರಿ ಮಾಡ್ತಾನಂತೆ."

"ಒಮ್ಮೆ ತಪ್ಪು ದಾರಿ ಕಲಿತವ್ನು ಮತ್ತೆ ಸರಿ ದಾರಿ ಕಲಿಯೋಕೆ ಬರೋದಿಲ್ಲ ಮಗಾ. ನನ್ನ ಲೈನಲ್ಲಿ ಜನ ಇಲ್ದಿರೋ ತಿರುವು ತಿರುಗ್ಬಾರದು."

ಮರುದಿನ ಹನ್ನೊಂದಕ್ಕೆ ಅವಳು ಹೋದಾಗ ಜಟ್ಟಪ್ಪ ಅಂಗಳದಲ್ಲಿ ನಿಂತಿದ್ದರು. ಹುಲಿಯಮ್ಮ ಸೆರಗಿನ ತುದಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ದೇವರ ಮುಂದೆ ತಟ್ಟೆಯಲ್ಲಿ ಅಕ್ಕಿಯ ರಾಶಿ. ರಾಶಿಯ ಮೇಲೆ, ಬರಹದ ಮುಖ ಮೇಲಾಗಿ, ಪ್ರೊಸೆಸರು ಕೂತಿತ್ತು. ಅದರ ಮೇಲೆ ಗಂಧ, ಕುಂಕುಮ, ಒಂದು ಸೇವಂತಿಗೆ ಹೂವು.

"ಪ್ಲಾಸ್ಟಿಕ್ ಡಬ್ಬಿಗೆ ಪೂಜೆ ಮಾಡೋಕಾಗ್ತದಾ? ತೆಗೆದೆ. ಅಲ್ಲಾಡ್ತಿತ್ತು, ಅಕ್ಕಿಯಲ್ಲಿ ಒಂಚೂರು ಒತ್ತಿ ಕೂರಿಸ್ದೆ" ಎಂದರು ಹುಲಿಯಮ್ಮ. "ಇಪ್ಪತ್ತೊಂಬತ್ತು ವರ್ಷ ಇವರ ಬಸ್ಸಿಗೆ ನಾನೇ ಪೂಜೆ ಮಾಡಿದ್ದು. ಒಂದು ಚಕ್ರ ಬಾಗಿಲ್ಲ."

"ಚಕ್ರಾನ ಅಕ್ಕಿಗೆ ಒತ್ತಿದ್ಯನೇ?" ಎಂದರು ಜಟ್ಟಪ್ಪ.

ಶಿಲ್ಪಶ್ರೀ ಅದನ್ನು ನೇರವಾಗಿ ಮೇಲಕ್ಕೆತ್ತಿ ತಿರುಗಿಸಿದಳು. ಕಡ್ಡಿಗಳ ನಡುವೆ ಅಕ್ಕಿಯ ನುಚ್ಚು ಸಿಕ್ಕಿಕೊಂಡಿತ್ತು, ಒಂದು ಮೂಲೆಗೆ ಕುಂಕುಮದ ನೀರು ಇಳಿದಿತ್ತು. ಮಸೂರದಲ್ಲಿ ನೋಡಿದಾಗ ಹನ್ನೊಂದು ಕಡ್ಡಿಗಳು ಬಾಗಿದ್ದವು. ಅವುಗಳಲ್ಲಿ ಒಂದು ಪೂರ್ತಿ ಮಲಗಿತ್ತು. ಪ್ರೊಸೆಸರು ಕೂರುವ ಸಾಕೆಟ್ಟಿನಲ್ಲಿ ಪ್ರತಿಯೊಂದು ಕಡ್ಡಿಗೂ ಅದರದೇ ರಂಧ್ರವುಂಟು. ಒಂದು ಸೊಟ್ಟಗಿದ್ದರೂ ಪ್ರೊಸೆಸರು ಇಳಿಯುವುದಿಲ್ಲ, ಒಂದು ಮುರಿದರೆ ಅದರ ಕತೆ ಅಲ್ಲಿಗೇ ಮುಗಿಯಬಹುದು. ಇನ್ನೊಂದು ಸಿಕ್ಕಿದರೂ ತರಿಸಲು ಹತ್ತು ದಿನವಾದರೂ ಬೇಕು. ಅವಳು ಇದನ್ನು ಹೇಳಿದಾಗ ಹುಲಿಯಮ್ಮ ಬಾಗಿಲಿನಿಂದ ಒಳಗೆ ಹೋಗಿಬಿಟ್ಟರು.

ಜಟ್ಟಪ್ಪ ಕೈತೊಳೆದು ಬಂದು ಕೂತರು. ಸ್ಪಿರಿಟ್ಟಿನಲ್ಲಿ ಅದ್ದಿದ ಮೆತ್ತನೆಯ ಕುಂಚದಿಂದ ಶಿಲ್ಪಶ್ರೀ ಕುಂಕುಮ ತೊಳೆದಳು. ಹಲ್ಲುಕಡ್ಡಿಯ ತುದಿಯಿಂದ ನುಚ್ಚನ್ನು ಒಂದೊಂದಾಗಿ ಬಿಡಿಸಿದಳು. ಆಮೇಲೆ ಚೀಲದಿಂದ ಪೆನ್‌ಪೆನ್ಸಿಲ್ ತೆಗೆದು ಅದರ ಸೀಸವನ್ನು ಹೊರಹಾಕಿದಳು. ಟೊಳ್ಳಾದ ಆ ಮೂತಿ ಒಂದು ಕಡ್ಡಿಯ ಮೇಲೆ ಸರಿಯಾಗಿ ಇಳಿಯುತ್ತದೆ, ಇಳಿಸಿ ನೇರಮಾಡಬಹುದು. ಆದರೆ ಯಾವುದು ಎಷ್ಟು ಬಾಗಿದೆ ಎಂದು ತಿಳಿಯುವುದೇ ಕಷ್ಟವಾಗಿತ್ತು. ದಿಟ್ಟಿಸಿದಷ್ಟೂ ಸಾಲುಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವು.

"ಎರಡು ಕಣ್ಣಲ್ಲಿ ಅದು ಕಾಣೋದಿಲ್ಲ" ಎಂದರು ಜಟ್ಟಪ್ಪ. "ಬಡಗಿ ಹಲಗೆ ನೋಡುವಾಗ ಒಂದು ಕಣ್ಣು ಮುಚ್ಚೋದು ಯಾಕೆ? ನಂಗೆ ಮುಚ್ಚೋ ಕೆಲಸ ಇಲ್ಲ. ಏ ಇವಳೇ, ಒಂದು ಕರಿ ದಾರ ತಾ."

ಹುಲಿಯಮ್ಮ ದಾರ ತಂದರು. ಮುಂದಿನ ಚಕ್ರ ಓರೆಯಾದರೆ ಹಿಂದಿನ ಚಕ್ರದಿಂದ ದಾರ ಎಳೆದು ಸರಿನೋಡುವುದು ಹಳೆಯ ಡ್ರೈವರುಗಳ ಪದ್ಧತಿ. ಜಟ್ಟಪ್ಪ ಹೆಂಡತಿಯ ಕೈಗೆ ಒಂದು ತುದಿ ಕೊಟ್ಟು, ದಾರವನ್ನು ಕಡ್ಡಿಗಳ ಸಾಲಿನ ನೇರಕ್ಕೆ ಎಳೆದು ಹಿಡಿದು, ಗಲ್ಲವನ್ನು ಮೇಜಿಗೆ ಒತ್ತಿ, ಇದ್ದ ಒಂದು ಕಣ್ಣಿನಿಂದ ನೋಡಿದರು.

"ನಾಲ್ಕನೇ ಸಾಲು. ಬಲದಿಂದ ಏಳನೇದು. ನಿನ್ನ ಕಡೆಗೆ ಒಂದು ಕೂದಲು."

ಅವಳು ಪೆನ್ಸಿಲಿನ ಮೂತಿಯನ್ನು ಇಳಿಸಿ ಒತ್ತಿದಳು.

"ಸಾಕು. ಜಾಸ್ತಿ ಆಯ್ತು. ಅರ್ಧ ವಾಪಸ್."

ಹೀಗೆ ಹತ್ತು ಕಡ್ಡಿಗಳು ನೇರವಾದವು. ಅವರು ಹೇಳಿದ ಲೆಕ್ಕ ಒಂದು ಸಲವೂ ತಪ್ಪಲಿಲ್ಲ. ಹನ್ನೊಂದನೆಯದು ಮಲಗಿದ್ದ ಕಡ್ಡಿ. ಅಲ್ಲಿ ಶಿಲ್ಪಶ್ರೀಯ ಕೈ ನಿಂತುಬಿಟ್ಟಿತು.

"ನಂಗಾಗಲ್ಲಣ್ಣ. ಮುರಿದ್ರೆ..."

"ಕೊಡು ಇಲ್ಲಿ."

ಗಂಟುಗಂಟಾದ ಆ ಬೆರಳುಗಳು ಪೆನ್ಸಿಲನ್ನು ಹಿಡಿದವು. ಜಟ್ಟಪ್ಪ ಮೊದಲು ತೆಳುವಾದ ಒಂದು ಸೂಜಿಯಿಂದ ಕಡ್ಡಿಯನ್ನು ತುಸುವೇ ಎಬ್ಬಿಸಿದರು, ಕೈ ತೆಗೆದರು, ಕಾದರು. ಆಮೇಲೆ ಮೂತಿಯನ್ನು ಇಳಿಸಿ ಇನ್ನು ತುಸು ಎತ್ತಿದರು, ಮತ್ತೆ ಕಾದರು.

"ಒಂದೇ ಸಲ ಎತ್ತಿದ್ರೆ ಮುರೀತದೆ. ತಂತಿಗೂ ಯೋಚನೆ ಮಾಡೋಕೆ ಹೊತ್ತು ಕೊಡ್ಬೇಕು" ಎಂದು ಮೆಲ್ಲಗೆ ಹೇಳಿಕೊಂಡರು.

ಹೊರಗೆ ಯಾರದೋ ಟ್ರ್ಯಾಕ್ಟರಿನ ಕೆಳಗೆ ನಿಂಬೆಹಣ್ಣು ಇಟ್ಟು ಗಲಾಟೆ ಮಾಡುತ್ತಿದ್ದರು. ಜಟ್ಟಪ್ಪ ಗಲ್ಲವನ್ನು ಮೇಜಿನಿಂದ ಎತ್ತಿ, "ನೋಡು" ಎಂದಾಗ, ಮಸೂರದ ಕೆಳಗೆ ಎಲ್ಲ ಸಾಲುಗಳೂ ನಾಟಿಯಾದ ಗದ್ದೆಯಂತೆ ನೆಟ್ಟಗೆ ನಿಂತಿದ್ದವು.

ಅವಳು ಹಳೆಯದನ್ನು ತೆಗೆಯಲು ಹೊರಟಾಗ ಜಟ್ಟಪ್ಪ ತಡೆದರು. "ಎಂತ, ತಣ್ಣಗಿರುವಾಗ ಬಿಚ್ತೀಯಾ? ಎಂಜಿನ್ ಆಯಿಲ್ ಇಳಿಸೋಕೂ ಗಾಡಿ ಬಿಸಿ ಮಾಡ್ತೇವೆ." ಅದು ಸರಿಯಾದ ಮಾತು. ಪ್ರೊಸೆಸರಿಗೂ ಅದರ ಮೇಲಿನ ಫ್ಯಾನಿಗೂ ನಡುವೆ ಶಾಖ ಸಾಗಿಸಲು ಹಚ್ಚಿದ ಪೇಸ್ಟು ಒಣಗಿ ಗಟ್ಟಿಯಾಗಿ ಹಿಡಿದಿದ್ದರೆ ಫ್ಯಾನಿನ ಜೊತೆಗೆ ಪ್ರೊಸೆಸರೂ ಕಿತ್ತು ಬರುತ್ತದೆ. ಇದನ್ನು ಚೆನ್ನಾಗಿ ಬಲ್ಲ ಅವಳು ಆ ಗಡಿಬಿಡಿಯಲ್ಲಿ ಮರೆತಿದ್ದಳು. ಕಾಲು ಗಂಟೆ ಯಂತ್ರವನ್ನು ಓಡಿಸಿ, ಆರಿಸಿ, ಫ್ಯಾನನ್ನು ಮೆಲ್ಲಗೆ ಆಚೀಚೆ ತಿರುಗಿಸಿ ತೆಗೆದಳು. ಹೊಸದು ಒತ್ತದೆಯೇ, ತನ್ನ ಭಾರಕ್ಕೆ ತಾನೇ ಇಳಿದು ಕೂತಿತು. ಹೊಸ ಪೇಸ್ಟು ಹಚ್ಚಿ, ಫ್ಯಾನು ಬಿಗಿದು, ಗುಂಡಿ ಒತ್ತಿದ ಮೇಲೆ ಪರದೆ ಬಹಳ ಹೊತ್ತು ಕಪ್ಪಾಗಿಯೇ ಇತ್ತು. ಹುಲಿಯಮ್ಮ ಕಣ್ಣು ಮುಚ್ಚಿಕೊಂಡರು. ಜಟ್ಟಪ್ಪ ಮಾತ್ರ ಕಿವಿಗೊಟ್ಟು, "ಹತ್ತಿಕೊಂಡಿದೆ" ಎಂದರು. ಮರುಗಳಿಗೆ ಬೆಳಕು ಬಂತು.

ಎರಡೂವರೆಗೆ ಬಸ್ಸು ಸಾಗರ ಬಿಟ್ಟಿತು. ತೀರ್ಥಹಳ್ಳಿಯಿಂದ ಸುನಿಲ್ ಫೋನಿನಲ್ಲಿ ಇದ್ದ. ಹೊಸನಗರ ದಾಟಿ, ಚಿತ್ರ ಯಾವಾಗಲೂ ಕುಂಟುತ್ತಿದ್ದ ಕಾಡಿಗೆ ಬಸ್ಸು ನುಗ್ಗಿತು. ಮರಗಳು ಎರಡೂ ಬದಿಯಿಂದ ನೀರಿನ ಹಾಗೆ ಹರಿದು ಹಿಂದೆ ಹೋದವು. ಜಟ್ಟಪ್ಪನವರ ಭುಜ ಸಡಿಲವಾಯಿತು. ಸ್ವಲ್ಪ ಮುಂದೆ ಅವರ ಕೈ ಎಡಕ್ಕೆ ಪೂರ್ತಿ ತಿರುಗಿತು, ಬಸ್ಸು ಹೋಗಿ ಮರಕ್ಕೆ ಹೊಡೆಯಿತು.

"ಸುನಿಲಾ, ಇಲ್ಲೊಂದು ತಿರುವು ತಿಂದಿದೀಯಲ್ಲೋ."

"ಇರಿ ಅಣ್ಣ, ಮೊನ್ನೆ ತಾನೇ ಹಳೇ ಸರ್ವೆ ನಕ್ಷೆ ಸಿಕ್ಕಿದೆ, ನೋಡ್ತೀನಿ." ಕಾಗದ ಬಿಡಿಸುವ ಸದ್ದು. "ಅಯ್ಯಪ್ಪಾ, ಇದೆ. ಎಡಕ್ಕೇ ಇದೆ."

ಹೀಗೆ ನಾಲ್ಕು ತಿರುವು ಸಿಕ್ಕಿದವು. ನಾಲ್ಕೂ ನಕ್ಷೆಯಲ್ಲಿದ್ದವು. ಪ್ರತಿ ಸಲವೂ ಸುನಿಲನ ದನಿ ಸಣ್ಣದಾಗುತ್ತಾ ಬಂತು. ಕೊನೆಗೆ ಅವನು ನಕ್ಷೆ ನೋಡುವ ಮೊದಲೇ ಅವರು ಹೇಳಿದ್ದನ್ನು ಬರೆದುಕೊಳ್ಳತೊಡಗಿದ.

ಅರಳಸುರಳಿಯ ಹತ್ತಿರ ಐದನೆಯದು. ಕೈ ಬಲಕ್ಕೆ ತಿರುಗಿತು, ಪರದೆಯಲ್ಲಿ ರಸ್ತೆ ನೇರವಾಗಿತ್ತು.

"ಇಲ್ಲೂ ಬಿಟ್ಟಿದೀಯ. ಬರ್ಕೋ."

ಫೋನಿನಲ್ಲಿ ಸುನಿಲ್ ಪೆನ್ನು ಕೆಳಗಿಟ್ಟ ಸದ್ದು.

"ಕೇಳಿಸ್ತನಾ?"

"ಅಣ್ಣಾ... ಅಲ್ಲಿ ಈಗ ರೋಡು ನೇರ ಮಾಡಿದಾರೆ. ಎರಡು ವರ್ಷ ಆಯ್ತು. ನಾನೇ ದಿನಾ ಓಡಾಡ್ತೀನಲ್ಲ."

ಜಟ್ಟಪ್ಪನವರ ಕೈಗಳು ಸ್ಟೀರಿಂಗಿನ ಮೇಲೆ ಹಾಗೆಯೇ, ಬಲಕ್ಕೆ ತಿರುಗಿದ್ದಂತೆಯೇ ನಿಂತವು. ಆ ಕೈಗಳು ತಪ್ಪಿದ್ದನ್ನು ಶಿಲ್ಪಶ್ರೀ ಅದುವರೆಗೆ ಕಂಡಿರಲಿಲ್ಲ. ಅವು ತಪ್ಪಿರಲೂ ಇಲ್ಲ. ಅವರು ಹೋಗದೆ ಬಿಟ್ಟ ಮೂರು ವರ್ಷದಲ್ಲಿ ರಸ್ತೆ ಅವರನ್ನು ಬಿಟ್ಟು ಮುಂದೆ ಹೋಗಿತ್ತು.

"ಬೇಕಾದ್ರೆ ಹಳೇ ತಿರುವನ್ನೇ ಹಾಕ್ತೀನಣ್ಣ, ನಿಮ್ಗೋಸ್ಕರ" ಎಂದ ಸುನಿಲ್.

"ಬೇಡ." ಜಟ್ಟಪ್ಪ ಸ್ಟೀರಿಂಗನ್ನು ನಿಧಾನವಾಗಿ ನೇರಕ್ಕೆ ತಂದರು. "ಈಗ ಹೆಂಗಿದೆಯೋ ಹಂಗೇ ಇರ್ಲಿ. ಇಲ್ದಿರೋ ತಿರುವು ಜನ ತಿರುಗ್ಬಾರದು. ನಾನೂ ತಿರುಗ್ಬಾರದು." ಆಮೇಲೆ ಗೇರು ಹಾಕಿ ತೀರ್ಥಹಳ್ಳಿಯವರೆಗೆ ಓಡಿಸಿದರು. ಇನ್ನೆಲ್ಲಿಯೂ ಕೈ ತಡವರಿಸಲಿಲ್ಲ.

ವಿಜಯದಶಮಿಯ ಬೆಳಗ್ಗೆ ನಾಲ್ಕು ತಿರುವುಗಳೂ ಸರಿಯಾಗಿ ರಸ್ತೆ ಬಿಡುಗಡೆಯಾಯಿತು. ಎಲ್ಲೆಲ್ಲಿಯವರೋ ಈಗ ಆ ರಸ್ತೆಯಲ್ಲಿ ಬಸ್ಸು ಓಡಿಸುತ್ತಾರೆ. ತಮ್ಮ ಊರಿನ ಏರು, ತಿರುವು ಇದ್ದ ಹಾಗೇ ಇದೆ ಎಂದು ಪರವೂರಿನಲ್ಲಿರುವ ಹೊಸನಗರದವರು ಸುನಿಲನಿಗೆ ಬರೆಯುತ್ತಾರೆ.

ಆ ವಾರವೇ ಜಟ್ಟಪ್ಪ ಸಾಗರಕ್ಕೆ ಬಂದು ತಮ್ಮ ಹಳೆಯ ಲೈನಿನ ಬಸ್ಸನ್ನು ಹತ್ತಿದರು. ಟಿಕೆಟ್ ತೆಗೆದುಕೊಂಡು ಪ್ರಯಾಣಿಕರ ಸೀಟಿನಲ್ಲಿ ಕೂತು ಅರಳಸುರಳಿಯವರೆಗೆ ಹೋಗಿ, ನೇರವಾದ ರಸ್ತೆಯನ್ನು ನೋಡಿ ಬಂದರು. ಚೆನ್ನಾಗಿ ಮಾಡಿದ್ದಾರೆ ಎಂದಷ್ಟೇ ಹೇಳಿದರು.

ಸುನಿಲ್ ಈಗ ತೀರ್ಥಹಳ್ಳಿಯಿಂದ ಮಂಡಗದ್ದೆಯ ಮೇಲೆ ಹೋಗುವ ರಸ್ತೆಯನ್ನು ಕಟ್ಟುತ್ತಿದ್ದಾನೆ. ಅದು ಜಟ್ಟಪ್ಪ ಒಂದು ದಿನವೂ ಬಸ್ಸು ಓಡಿಸದ ರಸ್ತೆ. ವಾರಕ್ಕೆರಡು ಸಲ ಅವರು ಬೆಳಗ್ಗೆಯೇ ಹೊರಟು ತೀರ್ಥಹಳ್ಳಿಗೆ ಹೋಗಿ, ಅಲ್ಲಿಂದ ಮಂಡಗದ್ದೆಯ ಬಸ್ಸು ಹತ್ತಿ ಎಂಜಿನ್ನಿನ ಪಕ್ಕದ ಸೀಟು ಹಿಡಿಯುತ್ತಾರೆ. ಒಮ್ಮೆ ಶಿಲ್ಪಶ್ರೀಯೂ ಜೊತೆಗೆ ಹೋಗಿದ್ದಳು. ಹೊಳೆಯ ದಂಡೆಯ ತಿರುವುಗಳು ಬಂದಾಗ ಕಿಟಕಿಯಾಚೆ ನೋಡಿ ಎಂದು ಹೇಳಲು ಅವರ ಕಡೆಗೆ ತಿರುಗಿದಳು. ಅವರು ಇದ್ದ ಒಂದು ಕಣ್ಣನ್ನೂ ಮುಚ್ಚಿಕೊಂಡಿದ್ದರು. ಮೊಣಕಾಲ ಮೇಲಿದ್ದ ಎರಡೂ ಕೈಗಳು ಎಡಕ್ಕೆ ತುಸು, ಬಲಕ್ಕೆ ತುಸು, ತಡವಾಗಿ, ತಪ್ಪುತಪ್ಪಾಗಿ ತಿರುಗುತ್ತಿದ್ದವು.